ಕೇಳಿ, ಹೇಳುತ್ತೇವೆ: ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆರ್‌ಟಿಎಕ್ಸ್ 3060 ತಗೊಳ್ಳಲೋ, 4060 ತಗೊಳ್ಳಲೋ?

ಪ್ರಶ್ನೆ: ಇಂಟೀರಿಯರ್ ಡಿಸೈನ್ ಕೆಲಸಕ್ಕೆ ಬ್ಲೆಂಡರ್ (3ಡಿ ಚಿತ್ರ ರಚಿಸುವ ಸಾಫ್ಟ್‌ವೇರ್) ಬಳಸುತ್ತೇನೆ, ಸಂಜೆ ಒಂದೆರಡು ಗಂಟೆ ಗೇಮ್ ಆಡುತ್ತೇನೆ. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ, 75 ಹರ್ಟ್ಸ್‌ನ 1080ಪಿ ಮಾನಿಟರ್ ಇದೆ. 12 ಜಿಬಿಯ ಆರ್‌ಟಿಎಕ್ಸ್ 3060, 8 ಜಿಬಿಯ 4060 ಎರಡಕ್ಕೂ ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆ ಹೇಳಿದರು. ಹಳೆಯದರಲ್ಲೇ ಕೋರ್ ಜಾಸ್ತಿ ಇವೆಯಲ್ಲ? ಯಾವುದು ತಗೊಳ್ಳಲಿ?
— ಓದುಗರು, ದಾವಣಗೆರೆ

ಉತ್ತರ: ನಿಮಗೆ 12 ಜಿಬಿಯ 3060. ಬರೀ ಗೇಮ್ ಆಡುವವರಾಗಿದ್ದರೆ 4060 ಎನ್ನುತ್ತಿದ್ದೆವು.

ಕೋರ್ ಎಣಿಸಿ ಕಾರ್ಡ್ ಆರಿಸಬೇಡಿ. 2021ರ 3060ರಲ್ಲಿ 3584 ಕೋರ್, 2023ರ 4060ರಲ್ಲಿ 3072. ಆದರೆ ಮೊದಲನೆಯದರ ಬೂಸ್ಟ್ ವೇಗ 1777 ಮೆಗಾಹರ್ಟ್ಸ್, ಎರಡನೆಯದರದು 2460. ಮೆಮೊರಿ ದಾರಿಯ ಅಗಲದಲ್ಲೂ 3060 ದೊಡ್ಡದು: 192 ಬಿಟ್, ಸೆಕೆಂಡಿಗೆ 360 ಜಿಬಿ. 4060ರದು 128 ಬಿಟ್, 272 ಜಿಬಿ. ಈ ಕೊರತೆ ತುಂಬಿಕೊಳ್ಳಲು 4060ರ ಚಿಪ್‌ನೊಳಗೇ 24 ಎಂಬಿ ಎಲ್2 ಕ್ಯಾಶ್ (ಪದೇಪದೇ ಬೇಕಾಗುವುದನ್ನು ಹತ್ತಿರವೇ ಇಡುವ ಸಣ್ಣ ಮೆಮೊರಿ) ಇಟ್ಟಿದ್ದಾರೆ, 3060ರಲ್ಲಿ ಇರುವುದು 3 ಎಂಬಿ ಮಾತ್ರ. ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇದ್ದರೆ ಸಾಸಿವೆಗೆಂದು ಉಗ್ರಾಣಕ್ಕೆ ಹೋಗಬೇಕಿಲ್ಲವಲ್ಲ, ಹಾಗೆ. ಹೀಗಾಗಿ 1080ಪಿಯಲ್ಲಿ, ಮೆಮೊರಿ ಸಾಲುವ ತನಕ, 4060 ಸುಮಾರು ಶೇ 15ರಿಂದ 20ರಷ್ಟು ಮುಂದೆ. ಕರೆಂಟೂ ಕಡಿಮೆ: 3060ಕ್ಕೆ 170 ವ್ಯಾಟ್, ಇದಕ್ಕೆ 115. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ ಆರೂವರೆ ಯೂನಿಟ್‌ನಷ್ಟು ಉಳಿತಾಯ.

ಲೆಕ್ಕ ತಿರುಗುವುದು ಕಾರ್ಡ್‌ನ 8 ಜಿಬಿ ಮೆಮೊರಿ ತುಂಬಿದ ಮೇಲೆ. ಜಾಗ ಸಾಲದೆ, ಗೋಡೆ-ನೆಲದಂಥ ಮೇಲ್ಮೈಗಳ ಚಿತ್ರಗಳಾದ ಟೆಕ್ಸ್ಚರ್‌ಗಳು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಕೂರುತ್ತವೆ. ಬೇಕಾದಾಗ ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಪಿಸಿಐಇ ದಾರಿಯಲ್ಲಿ ವಾಪಸ್ ಬರಬೇಕು. 4060 ಈ ದಾರಿಯ ಎಂಟೇ ಲೇನ್ ಬಳಸುತ್ತದೆ, 3060 ಹದಿನಾರನ್ನೂ. ನಿಮ್ಮ ಬಿ450 ಬೋರ್ಡ್ ಪಿಸಿಐಇ 3.0ರದ್ದು, ಅಂದರೆ 4060ಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ, 3060ಕ್ಕೆ 16. ಪರದೆಯ ಮೇಲೆ ಇದು ಕಾಣುವುದು ಹೀಗೆ: ತಿರುಗಿ ನೋಡಿದ ಗೋಡೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಸುಕಾಗಿ, ಎರಡು ಸೆಕೆಂಡಿನ ಬಳಿಕ ಇಟ್ಟಿಗೆಗಳು ಮೂಡುತ್ತವೆ, ಅಷ್ಟರಲ್ಲಿ ಒಂದು ಜರ್ಕ್. 2023ರ ಮಾರ್ಚ್‌ನಲ್ಲಿ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 1' ಪಿಸಿಗೆ ಬಂದಾಗ 8 ಜಿಬಿ ಕಾರ್ಡ್‌ಗಳು ಅಲ್ಟ್ರಾ ಸೆಟ್ಟಿಂಗ್‌ನಲ್ಲಿ ಎಡವಿದ್ದು ಇದರಿಂದಲೇ. ಗೇಮ್‌ನಲ್ಲಾದರೆ ಟೆಕ್ಸ್ಚರ್ ಅಲ್ಟ್ರಾದಿಂದ ಹೈಗೆ ಇಳಿಸಿ ಪಾರಾಗಬಹುದು. ಬ್ಲೆಂಡರ್‌ನಲ್ಲಿ ಅದು ಅಷ್ಟು ಸುಲಭವಲ್ಲ. ಸೋಫಾ, ಪರದೆ, ಗಿಡ, 4ಕೆ ಟೆಕ್ಸ್ಚರ್ ಎಲ್ಲ ಸೇರಿಸಿದ ಹಾಲ್ 8 ಜಿಬಿ ದಾಟಿದರೆ ರೆಂಡರ್ (ಅಂತಿಮ ಚಿತ್ರದ ತಯಾರಿ) ತೆವಳುತ್ತದೆ, ಇಲ್ಲವೇ ಮೆಮೊರಿ ಸಾಲದು ಎಂದು ನಿಂತೇಬಿಡುತ್ತದೆ. ಸಣ್ಣ ದೃಶ್ಯಗಳಲ್ಲಿ 4060 ಸ್ಪಷ್ಟವಾಗಿ ಬೇಗ ಮುಗಿಸುತ್ತದೆ, ಅದು ನಿಜ. ಆದರೆ ಗಿರಾಕಿಗೆ ನಾಳೆ ಕೊಡಬೇಕಾದ ಚಿತ್ರ ಅರ್ಧಕ್ಕೆ ನಿಲ್ಲುವುದಕ್ಕಿಂತ ಹತ್ತು ನಿಮಿಷ ತಡವಾಗುವುದು ಮೇಲು.

4060ರ ಫ್ರೇಮ್ ಜನರೇಷನ್ (ಎರಡು ಅಸಲಿ ಫ್ರೇಮ್‌ಗಳ ನಡುವೆ ಕಾರ್ಡೇ ಒಂದನ್ನು ಸೃಷ್ಟಿಸಿ ಸೇರಿಸುವುದು) ಬಗ್ಗೆ ಅಂಗಡಿಯಲ್ಲಿ ಒತ್ತಿ ಹೇಳಿರಬಹುದು. ನಿಮ್ಮ 75 ಹರ್ಟ್ಸ್ ಮಾನಿಟರ್‌ಗೆ ಅದರಿಂದ ಪ್ರಯೋಜನವಿಲ್ಲ. ಅಸಲಿ ಫ್ರೇಮ್‌ಗಳೇ 60ರ ಆಸುಪಾಸು ಇದ್ದಾಗ ಅದು ಚೆನ್ನ; 75ಕ್ಕೆ ಕಟ್ಟಿಹಾಕಿದರೆ ಅಸಲಿ ಫ್ರೇಮ್ 37ಕ್ಕೆ ಇಳಿದು ಮೌಸ್ ಭಾರವಾಗುತ್ತದೆ.

ಪವರ್ ಸಪ್ಲೈ ಯಾವ ಕಂಪನಿಯದೆಂದು ನೋಡಿ. ಎರಡೂ ಕಾರ್ಡ್‌ಗೆ ಕಂಪನಿ ಹೇಳುವುದು 550 ವ್ಯಾಟ್. ಒಳ್ಳೆಯ 450 ವ್ಯಾಟ್‌ನದು ಎಳೆಯಬಲ್ಲದು, ಹೆಸರಿಲ್ಲದ್ದಾದರೆ ಬದಲಿಸಿ. ಮೋಲೆಕ್ಸ್‌ನಿಂದ ಎಂಟು ಪಿನ್‌ಗೆ ಬದಲಿಸುವ ಕನ್ವರ್ಟರ್ ಮಾತ್ರ ಖಂಡಿತ ಹಾಕಬೇಡಿ. ಅದರ ತೆಳು ವೈರ್ ಬಿಸಿಯಾಗಿ ಕನೆಕ್ಟರ್ ಕರಗಬಹುದು.

ಪ್ರಶ್ನೆ: ಗೆಳೆಯರ ಬಳಿ ಈ ಎರಡೂ ಕಾರ್ಡ್ ಇವೆ. ನಾವೇ ಹೋಲಿಸಿ ನೋಡುವುದು ಹೇಗೆ? ಒಂದೊಂದು ಸಲ ಒಂದೊಂದು ಸಂಖ್ಯೆ ಬರುತ್ತಿದೆ.
— ಓದುಗರು, ಹುಬ್ಬಳ್ಳಿ

ಉತ್ತರ: ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಿ ನೋಡಿ, ಒಂದೇ ಡ್ರೈವರ್ ಆವೃತ್ತಿ ಇರಲಿ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್), ಫ್ರೇಮ್ ಮಿತಿ ಎರಡೂ ಆಫ್. ಗೇಮ್‌ನ ಒಂದೇ ಸೇವ್‌ನಿಂದ ಹೊರಟು, ಒಂದೇ ಹಾದಿಯಲ್ಲಿ 60 ಸೆಕೆಂಡ್ ನಡೆಯಿರಿ. ನಾಲ್ಕು ಸಲ ಓಡಿಸಿ ಮೊದಲನೆಯದನ್ನು ಬಿಟ್ಟುಬಿಡಿ: ಆಗ ಶೇಡರ್‌ಗಳು (ಬೆಳಕು, ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮ್‌ಗಳು) ಸಿದ್ಧವಾಗುತ್ತಿರುತ್ತವೆ, ಕಾರ್ಡೂ ಇನ್ನೂ ತಣ್ಣಗಿರುತ್ತದೆ. ನಿಮ್ಮ ಸಂಖ್ಯೆ ಏರಿಳಿಯುವುದು ಬಹುಪಾಲು ಇಲ್ಲೇ.

ಅಳೆಯಲು ಕ್ಯಾಪ್‌ಫ್ರೇಮ್‌ಎಕ್ಸ್ ಸಾಕು, ಉಚಿತ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಒಂದನ್ನೇ ನಂಬಬೇಡಿ. ನಿಮಿಷಕ್ಕೆ 3600 ಫ್ರೇಮ್ ಬಂದರೆ ಸರಾಸರಿ 60. ಅದರಲ್ಲಿ ಹತ್ತು ಫ್ರೇಮ್ 16.7 ಮಿಲಿಸೆಕೆಂಡಿನ ಬದಲು 100 ತೆಗೆದುಕೊಂಡರೂ ಸರಾಸರಿ ಹೆಚ್ಚೇನೂ ಅಲುಗುವುದಿಲ್ಲ, ಕೈಗೆ ಮಾತ್ರ ಪ್ರತಿ ಜರ್ಕ್ ತಿಳಿಯುತ್ತದೆ. ಅದನ್ನು ಹಿಡಿಯುವುದು 'ಶೇ 1 ಲೋ' ಎಂಬ ಸಂಖ್ಯೆ, ಅಂದರೆ ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ವೇಗ. ಒಂದೊಂದು ಸಾಫ್ಟ್‌ವೇರ್ ಅದನ್ನು ಒಂದೊಂದು ಬಗೆಯಲ್ಲಿ ಲೆಕ್ಕ ಹಾಕುತ್ತದೆ, ಆದ್ದರಿಂದ ಎರಡೂ ಕಾರ್ಡ್‌ಗೆ ಒಂದೇ ಸಾಫ್ಟ್‌ವೇರ್ ಇರಲಿ. ಜೊತೆಗೆ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ನೋಡಿ. ಶೇ 95 ದಾಟಿದ್ದರೆ ನೀವು ಅಳೆಯುತ್ತಿರುವುದು ಕಾರ್ಡನ್ನು. 65–70ರಲ್ಲಿ ನಿಂತಿದ್ದರೆ ಅಳೆಯುತ್ತಿರುವುದು ಪ್ರೊಸೆಸರನ್ನು. ಆಗ ಎರಡೂ ಕಾರ್ಡ್ ಒಂದೇ ಎನಿಸುತ್ತವೆ.

ಪ್ರಶ್ನೆ: ಕೋರ್ ಐ5 10400, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್. ಜಿಟಿಎಕ್ಸ್ 1650 ತೆಗೆದು 4060 ಹಾಕಿದೆ. 62 ಎಫ್‌ಪಿಎಸ್ ಇದ್ದದ್ದು 66 ಆಗಿದೆ ಅಷ್ಟೆ. ಕಾರ್ಡ್ ಕೆಟ್ಟಿದೆಯೇ?
— ಓದುಗರು, ತುಮಕೂರು

ಉತ್ತರ: ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ, ರ‍್ಯಾಮ್ ಮೇಲೇ ನಮ್ಮ ಅನುಮಾನ. ಮೊದಲು ಎಚ್‌ಡಿಎಂಐ ಕೇಬಲ್ ಕಾರ್ಡ್‌ಗೇ ಸಿಕ್ಕಿಸಿದ್ದೀರಾ, ಮದರ್‌ಬೋರ್ಡ್‌ಗೆ ಹಾಕಿದ್ದೀರಾ ನೋಡಿ. ಅದು ಸರಿಯಿದ್ದರೆ ಒಂದು ಸ್ಟಿಕ್ ಅಂದರೆ ಸಿಂಗಲ್ ಚಾನೆಲ್, ಪ್ರೊಸೆಸರಿಗೆ ಮೆಮೊರಿಯಿಂದ ಸಿಗುವುದು ಅರ್ಧ ವೇಗ. ಮೇಲೆ 8 ಜಿಬಿಯಲ್ಲಿ ವಿಂಡೋಸ್ ಮತ್ತು ಗೇಮ್ ಎರಡಕ್ಕೂ ಜಾಗವಿಲ್ಲ. ಅದೇ ವೇಗದ ಇನ್ನೊಂದು 8 ಜಿಬಿ ಹಾಕಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್‌ನ ಮೆಮೊರಿ ಪುಟದಲ್ಲಿ ಡ್ಯುಯಲ್ ಅಥವಾ 2 x 64-bit ಎಂದು ಬಂದರೆ ಸರಿಯಾಗಿದೆ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ 3060 ನೋಡುತ್ತಿದ್ದೇನೆ. ಏನೇನು ಪರೀಕ್ಷಿಸಲಿ?
— ಓದುಗರು, ಉಡುಪಿ

ಉತ್ತರ: 3060 ಹೆಸರಿನಲ್ಲೇ 8 ಜಿಬಿಯ ಕಾರ್ಡೂ ಇದೆ, 2022ರಲ್ಲಿ ಬಂದದ್ದು. ಕೋರ್ ಅಷ್ಟೇ ಇವೆ, ಆದರೆ ಮೆಮೊರಿ ದಾರಿ 128 ಬಿಟ್, ಸೆಕೆಂಡಿಗೆ 240 ಜಿಬಿ. ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದು 192 ಬಿಟ್, 12288 ಎಂಬಿ ಇದೆಯೇ ನೋಡಿ. ಹಳೆಯ ಕಾರ್ಡ್‌ಗೆ ಹೊಸ ಹೆಸರಿನ ಬಯಾಸ್ (ಕಾರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ತುಂಬಿದ್ದರೆ ಹೆಸರಿನ ಮುಂದೆ 'ಫೇಕ್' ಎಂದು ಅದೇ ತೋರಿಸುತ್ತದೆ. ಬಳಿಕ 20 ನಿಮಿಷ ಭಾರದ ಗೇಮ್ ಓಡಿಸಿ. ಜಿಪಿಯು ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ತಾಪಕ್ಕೂ 10–15 ಡಿಗ್ರಿ ಅಂತರ ಸಹಜ. 25 ದಾಟಿದರೆ ಒಳಗಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಹೊಸದಾಗಿ ಹಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ.