ಸ್ಪ್ರಿಂಟ್ ಗೆದ್ದವನು ಬೆಟ್ಟದಲ್ಲಿ ಹಿಂದೆ ಬೀಳುವುದೇಕೆ?

ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ ನಿನ್ನೆ ಸ್ಪ್ರಿಂಟ್ (ಗುರಿಯ ಹತ್ತಿರದ ಕೊನೆಯ ಜೋರು ಓಟ) ಗೆದ್ದವನೇ ಇವತ್ತು ಬೆಟ್ಟದ ಹಂತದಲ್ಲಿ, ಅಂದರೆ ಬೆಟ್ಟ ಹತ್ತುವ ದಿನದ ಓಟದಲ್ಲಿ, ಅರ್ಧ ಗಂಟೆ ತಡವಾಗಿ ಬರುತ್ತಾನೆ, ಎಲ್ಲರೂ ವೃತ್ತಿಪರರೇ ಆದಮೇಲೆ ಇಷ್ಟು ಅಂತರ ಯಾಕೆ, ಬೇಕಂತಲೇ ನಿಧಾನ ಮಾಡುತ್ತಾನಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು, ಅವನು ಮುಂದಿನ ಸ್ಪ್ರಿಂಟ್‌ಗೆ ಕಾಲು ಉಳಿಸಿಕೊಳ್ಳುತ್ತಾನೆ. ಆದರೆ ಪೂರ್ತಿ ಪ್ರಾಣ ಬಿಟ್ಟು ತುಳಿದರೂ ಬೆಟ್ಟದವರ ಜೊತೆ ಅವನು ನಿಲ್ಲಲಾರ.

ನಾನು ಚಿಕ್ಕಮಗಳೂರಿನವನು, ಭಾನುವಾರ ಬಂದರೆ ಸೈಕಲ್ ಹತ್ತುವವನು. ನಮ್ಮ ಗುಂಪಿನಲ್ಲಿ 85 ಕೆ.ಜಿ. ತೂಗುವ ಗೆಳೆಯನೊಬ್ಬನಿದ್ದಾನೆ. ನಾನು 60. ಕಡೂರು ಕಡೆಯ ಬಯಲು ರಸ್ತೆಯಲ್ಲಿ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡರೆ ನನಗೆ ಗಾಳಿಯೇ ತಾಗುವುದಿಲ್ಲ. ಗುರಿಗೆ ಅಂತ ಇಟ್ಟುಕೊಂಡ ಮೈಲಿಗಲ್ಲು ಕಂಡಿತೋ, ಸೀಟಿನಿಂದ ಎದ್ದು ಹತ್ತು ಸಲ ತುಳಿಯುತ್ತಾನೆ, ಅಷ್ಟರಲ್ಲಿ ನಾನು ಮೂರು ಸೈಕಲ್ ಹಿಂದೆ. ಅದೇ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಶುರುವಾಗಲಿ. ಮೊದಲ ಎರಡು ತಿರುವು ಜೊತೆಗಿರುತ್ತಾನೆ. ಆಮೇಲೆ ಅವನ ಉಸಿರು ಬೆನ್ನ ಹಿಂದೆ ಕೇಳುತ್ತದೆ, ಇನ್ನೂ ದೂರದಲ್ಲಿ ಕೇಳುತ್ತದೆ, ಕೊನೆಗೆ ಬರೀ ಜೀರುಂಡೆ ಸದ್ದು. ಸೀತಾಳಯ್ಯನಗಿರಿ ಹತ್ತಿರ ಕಾಯುತ್ತ ನಿಂತಿದ್ದರೆ ಬಹಳ ಹೊತ್ತಿನ ಮೇಲೆ ಮಂಜಿನೊಳಗಿಂದ ಬರುತ್ತಾನೆ, ಮೂಗಿನ ತುದಿಯಿಂದ ಬೆವರು ಒಂದೊಂದೇ ಹನಿಯಾಗಿ ಸೈಕಲ್ಲಿನ ಅಡ್ಡಪೈಪಿನ ಮೇಲೆ ಬೀಳುತ್ತಿರುತ್ತದೆ. ಅವನಿಗೆ ಶಕ್ತಿ ಕಡಿಮೆ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಅಂತರ ಇರುವುದು ತೂಕದಲ್ಲಿ. ನಮ್ಮಿಬ್ಬರ ನಡುವಿನ 25 ಕೆ.ಜಿ. ಅಂದರೆ ಅಂಗಡಿಯ ಒಂದು ಅಕ್ಕಿಮೂಟೆ. ಅಷ್ಟನ್ನು ಹೆಗಲ ಮೇಲೆ ಹೊತ್ತುಕೊಂಡೇ ಅವನು ಏರು ಹತ್ತುತ್ತಾನೆ. ಲೆಕ್ಕ ಹಾಕಿ ನೋಡಿ: ನೂರು ಮೀಟರ್ ಸಾಗಿದರೆ ಎಂಟು ಮೀಟರ್ ಏರುವ ರಸ್ತೆ, ಗಂಟೆಗೆ 20 ಕಿ.ಮೀ. ವೇಗ, ಸೈಕಲ್ಲು ಬಾಟಲಿ ಎಲ್ಲ ಸೇರಿ 8 ಕೆ.ಜಿ. ಭೂಮಿಯ ಸೆಳೆತ ಒಂದನ್ನೇ ಗೆಲ್ಲಲು 60 ಕೆ.ಜಿ.ಯವನಿಗೆ ಸುಮಾರು 300 ವಾಟ್ ಸಾಕು, 85 ಕೆ.ಜಿ.ಯವನಿಗೆ 400 ದಾಟುತ್ತದೆ. ಸೈಕಲ್ ಹಗುರ ಮಾಡೋಣ ಅಂದರೆ ರೇಸಿನಲ್ಲಿ 6.8 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ, ಅದು ಎಲ್ಲರಿಗೂ ಒಂದೇ ನಿಯಮ. ಅದಕ್ಕೇ ಬೆಟ್ಟದವರು ವಾಟ್ ಎಷ್ಟು ಅಂತ ಕೇಳುವುದಿಲ್ಲ, ಒಂದು ಕೆ.ಜಿ.ಗೆ ಎಷ್ಟು ವಾಟ್ ಅಂತ ಕೇಳುತ್ತಾರೆ. ಅರ್ಧ ಗಂಟೆ ಹೊತ್ತು ಕೆ.ಜಿ.ಗೆ 6 ವಾಟ್ ಬಿಡದೆ ಕೊಡಬಲ್ಲವನು ಟೂರ್‌ನ ಮುಂದಿನ ಸಾಲಿನ ಆಸುಪಾಸಿನಲ್ಲಿರುತ್ತಾನೆ. ನನ್ನಷ್ಟು ತೂಕದವನಿಗೆ ಅದು 360 ವಾಟ್, ಗೆಳೆಯನಷ್ಟು ತೂಕದವನಿಗೆ 510. ದೇಹ ದೊಡ್ಡದಾದಷ್ಟೂ ರಕ್ತಕ್ಕೆ ಆಮ್ಲಜನಕ ಒದಗಿಸುವ ತಾಕತ್ತು ಅದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ.

ಸಪಾಟು ರಸ್ತೆಯಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಗಂಟೆಗೆ 65-70 ಕಿ.ಮೀ. ವೇಗದಲ್ಲಿ ತೂಕ ಲೆಕ್ಕಕ್ಕಿಲ್ಲ, ಎದುರಾಳಿ ಗಾಳಿ. ಆಳು ದೊಡ್ಡವನಾದರೆ ಸ್ನಾಯು ಹೆಚ್ಚಿದಷ್ಟು ಗಾಳಿಗೆ ಒಡ್ಡಿದ ಮೈ ಹೆಚ್ಚುವುದಿಲ್ಲ, ಹಾಗಾಗಿ ಲಾಭ ಅವನದೇ. ಟೂರ್‌ನಲ್ಲಿ 14 ಹಂತ ಗೆದ್ದ ಜರ್ಮನಿಯ ಸ್ಪ್ರಿಂಟರ್ ಮಾರ್ಸೆಲ್ ಕಿಟ್ಟೆಲ್ 188 ಸೆಂ.ಮೀ. ಎತ್ತರದ ಗಟ್ಟಿ ಆಳು. 2014ರಲ್ಲಿ ಇಟಲಿಯ ದೊಡ್ಡ ರೇಸ್ ಜಿರೋ ದ ಇಟಾಲಿಯಾ ಗೆದ್ದ, ಬೆಟ್ಟದವನಾದ ಕೊಲಂಬಿಯಾದ ನೈರೋ ಕ್ವಿಂಟಾನಾ 167 ಸೆಂ.ಮೀ., 60 ಕೆ.ಜಿ.ಯೂ ಇಲ್ಲ. ಒಳ್ಳೆಯ ಸ್ಪ್ರಿಂಟರ್ ಕೊನೆಯ ಹತ್ತು ಹನ್ನೆರಡು ಸೆಕೆಂಡಿನಲ್ಲಿ 1,500 ವಾಟ್ ದಾಟಿಸುತ್ತಾನೆ. ಅದು ವೇಗವಾಗಿ ಕುಗ್ಗುವ ಸ್ನಾಯು ಎಳೆಗಳ ಕೆಲಸ. ಅವು ಆಮ್ಲಜನಕಕ್ಕೆ ಕಾಯದೆ ತಮ್ಮಲ್ಲಿರುವ ದಾಸ್ತಾನನ್ನು ಒಮ್ಮೆಗೇ ಸುರಿದುಬಿಡುತ್ತವೆ, ಅಷ್ಟೇ ಬೇಗ ಬರಿದೂ ಆಗುತ್ತವೆ. ಬೆಟ್ಟದವನ ಕಾಲಲ್ಲಿ ನಿಧಾನದ ಎಳೆಗಳೇ ಹೆಚ್ಚು. ಯಾವುದು ಎಷ್ಟು ಅನ್ನುವುದು ಬಹುಪಾಲು ಹುಟ್ಟಿನಿಂದಲೇ ಬಂದದ್ದು. ತರಬೇತಿಯಿಂದ ಸ್ವಲ್ಪ ಸರಿಸಬಹುದು, ಅದಲುಬದಲು ಮಾಡಲಾಗದು.

ಇದನ್ನೆಲ್ಲ ಮೀರಿದವರು ಇಲ್ಲವೇ ಅಂದರೆ, ಬೆಲ್ಜಿಯಂನ ವೌಟ್ ವಾನ್ ಆರ್ಟ್ ಇದ್ದಾನೆ. 2021ರ ಟೂರ್‌ನಲ್ಲಿ ಮೊಂ ವಾಂತೂ ಬೆಟ್ಟವನ್ನು ಎರಡು ಸಲ ಹತ್ತುವ ಹಂತ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಹಂತ, ಪ್ಯಾರಿಸ್‌ನ ಕೊನೆಯ ಸ್ಪ್ರಿಂಟ್, ಮೂರನ್ನೂ ಒಬ್ಬನೇ ಗೆದ್ದ. ನನಗೆ ಇವತ್ತಿಗೂ ಅದು ನಂಬಲಾಗದ ಮಾತು. ಅಂಥವನಿಗೂ ಮೂರು ವಾರ ಪ್ರತಿ ಬೆಟ್ಟದಲ್ಲೂ ಹಗುರ ಮೈಯವರ ಜೊತೆ ಏರಲು ಆಗಲಿಲ್ಲ.

ಇನ್ನು ನೀವು ಹೇಳಿದ ಆ ಅರ್ಧ ಗಂಟೆ. ಪ್ರತಿ ಹಂತಕ್ಕೂ ಗೆದ್ದವನ ಸಮಯದ ಮೇಲೆ ಇಷ್ಟು ಶೇಕಡಾ ಅಂತ ಗಡುವು ಇರುತ್ತದೆ, ಅದು ಮೀರಿದರೆ ಮನೆಗೆ. ಸ್ಪ್ರಿಂಟರ್‌ಗಳು ಹಿಂದೆ ಒಂದು ಗುಂಪು ಕಟ್ಟಿಕೊಂಡು, ಏರಿನಲ್ಲಿ ಇಷ್ಟು ಕಳೆದುಕೊಂಡರೆ ಇಳಿಜಾರಿನಲ್ಲಿ ಇಷ್ಟು ವಸೂಲು ಮಾಡಬೇಕು ಅಂತ ನಿಮಿಷ ಎಣಿಸುತ್ತ ಬರುತ್ತಾರೆ. 2018ರ ಟೂರ್‌ನಲ್ಲಿ ಲಾ ರೋಸಿಯೇರ್‌ಗೆ ಹೋಗುವ ಹಂತ ಬರೀ 108.5 ಕಿ.ಮೀ. ಇತ್ತು. ಹಂತ ಚಿಕ್ಕದಾದರೆ ಗಡುವೂ ಬಿಗಿ. ಕಿಟ್ಟೆಲ್ ಮತ್ತು ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್ ಇಬ್ಬರೂ ಅವತ್ತೇ ಹೊರಬಿದ್ದರು. ಮರುದಿನ 21 ತಿರುವುಗಳ ಆಲ್ಪ್ ದ್ಯುಯೆಝ್ ಹಂತದಲ್ಲಿ ಗ್ರೈಪೆಲ್, ಗವೀರಿಯಾ, ಗ್ರೂನೆವೇಗೆನ್ ಮೂವರು ಸ್ಪ್ರಿಂಟರ್‌ಗಳು ಅರ್ಧದಲ್ಲೇ ಸೈಕಲ್ ಇಳಿದರು.

ಆ ಕ್ಯಾವೆಂಡಿಶ್ 2024ರಲ್ಲಿ, 39ರ ವಯಸ್ಸಿನಲ್ಲಿ, ಮತ್ತೆ ಬಂದ. ಮೊದಲ ದಿನ ಫ್ಲಾರೆನ್ಸ್‌ನಿಂದ ರಿಮಿನಿಗೆ ಸುಡುಬಿಸಿಲು, ಗುಡ್ಡದ ಮೇಲೆ ಗುಡ್ಡ. ದಾರಿಯಲ್ಲೇ ವಾಂತಿ ಮಾಡಿಕೊಂಡ. ತಂಡದವರು ಸುತ್ತ ನಿಂತು, ಮೈಮೇಲೆ ನೀರು ಸುರಿದು ಕರೆತಂದರು, ಗೆದ್ದವನಿಗಿಂತ ಅರ್ಧ ಗಂಟೆಗೂ ಹೆಚ್ಚು ತಡವಾಗಿ, ಗಡುವಿನ ಒಳಗೆ. ಐದನೇ ಹಂತದಲ್ಲಿ ಸಾಂ-ವುಲ್ಬಾದ ಸಪಾಟು ರಸ್ತೆಯ ಸ್ಪ್ರಿಂಟ್ ಗೆದ್ದ. ಟೂರ್‌ನಲ್ಲಿ ಅದು ಅವನು ಗೆದ್ದ 35ನೇ ಹಂತ, ಬೆಲ್ಜಿಯಂನ ಹಳೆಯ ಚಾಂಪಿಯನ್ ಎಡ್ಡಿ ಮರ್ಕ್ಸ್‌ನ 34ರ ದಾಖಲೆ ಅವತ್ತು ಮುರಿಯಿತು.