ಟಗರಿಗೆ ಹಾರ್ಮೋನ್ ಇಂಜೆಕ್ಷನ್ ಹಾಕಿಸುವ ಮುಂಚೆ

ಅಣ್ಣಾ, ಟಗರು ಕುರಿಗಳ ಮೇಲೆ ಚೆನ್ನಾಗಿ ಹಾರುತ್ತಿದೆ, ಆದರೂ ಕುರಿಗಳು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬರುತ್ತಿವೆ, ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್) ಇಂಜೆಕ್ಷನ್ ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ. ಈಗ ಇರುವ ವೀರ್ಯಾಣುಗಳೂ ಕಡಿಮೆಯಾಗುತ್ತವೆ.

ಟಗರಿನ ಬೀಜದೊಳಗೆ (ವೃಷಣದೊಳಗೆ) ಎರಡು ಬೇರೆ ಕೆಲಸ ನಡೆಯುತ್ತವೆ. ಲೇಡಿಗ್ ಕೋಶಗಳು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ. ವೀರ್ಯಾಣು ಬೆಳೆಯುವುದು ಸಣ್ಣ ನಳಿಕೆಗಳಲ್ಲಿ, ಸರ್ಟೋಲಿ ಕೋಶಗಳ ಆರೈಕೆಯಲ್ಲಿ. ಎರಡಕ್ಕೂ ಅಪ್ಪಣೆ ಬರುವುದು ತಲೆಯಿಂದ. ಮೆದುಳು ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನನ್ನು ಆಗಾಗ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಅದು ತಲುಪಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅನ್ನುವ ಇನ್ನೆರಡು ಹಾರ್ಮೋನ್ ರಕ್ತಕ್ಕೆ ಬರುತ್ತವೆ. ಎಲ್‌ಎಚ್ ಲೇಡಿಗ್ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳನ್ನು.

ವೀರ್ಯಾಣು ಪೂರ್ತಿ ಬೆಳೆಯಬೇಕಾದರೆ ಬೀಜದೊಳಗೆ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬೇಕು. ಅಲ್ಲೇ ತಯಾರಾದರೆ ಮಾತ್ರ ಅಷ್ಟು ಸಿಗುತ್ತದೆ. ಹೊರಗಿನಿಂದ ಚುಚ್ಚಿದರೆ ರಕ್ತದಲ್ಲಿ ಏರುತ್ತದೆ, ಮೆದುಳಿಗೆ 'ಬೇಕಾದಷ್ಟಿದೆ' ಅನ್ನುವ ಸುದ್ದಿ ಹೋಗುತ್ತದೆ, ಅದು ಜಿಎನ್‌ಆರ್‌ಎಚ್ ಇಳಿಸುತ್ತದೆ. ಎಲ್‌ಎಚ್ ಬರದಿದ್ದರೆ ಲೇಡಿಗ್ ಕೋಶಗಳು ಸುಮ್ಮನಾಗುತ್ತವೆ. ಹೀಗೇ ಮುಂದುವರಿದರೆ ಬೀಜ ಸಣ್ಣದಾಗುತ್ತದೆ. ಟಗರಿನ ಹುಮ್ಮಸ್ಸು ಮಾತ್ರ ಹಾಗೇ ಇರುತ್ತದೆ, ಅದನ್ನು ನೋಡಿ ನಾವು ಔಷಧಿ ಹಿಡಿಸಿತು ಅಂದುಕೊಳ್ಳುತ್ತೇವೆ.

ನಿಮ್ಮ ಟಗರು ಹಾರುತ್ತಿದೆ ಅಂದರೆ ಟೆಸ್ಟೋಸ್ಟಿರಾನ್ ಕೊರತೆಯ ಅನುಮಾನವೇ ಕಡಿಮೆ. ತೊಂದರೆ ನಳಿಕೆಗಳ ಕಡೆ ಇರಬಹುದು. ಬೀಜ ಮೈಗಿಂತ ಸುಮಾರು 4ರಿಂದ 5 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಬಿಸಿ ತಗುಲಿದರೆ ಬೆಳೆಯುತ್ತಿರುವ ವೀರ್ಯಾಣು ಕೋಶಗಳು ಮೊದಲು ಹಾಳಾಗುತ್ತವೆ, ಲೇಡಿಗ್ ಕೋಶಗಳು ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಆಸೆ ಇರುತ್ತದೆ, ಫಲ ಇರುವುದಿಲ್ಲ.

ಕಳೆದ ಎರಡು ತಿಂಗಳಲ್ಲಿ ಅದಕ್ಕೆ ಜ್ವರ ಬಂದಿತ್ತಾ? ನೆರಳಿಲ್ಲದ ಬಿಸಿಲಲ್ಲಿ ಇತ್ತಾ? ಎರಡು ತಿಂಗಳು ಯಾಕೆ ಅಂದರೆ, ಟಗರಿನಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 47 ದಿನ ಬೇಕು, ಆಮೇಲೆ ಬೀಜದ ಪಕ್ಕದ ಸುರುಳಿ ನಾಳದಲ್ಲಿ ಮಾಗಲು ಇನ್ನೆರಡು ವಾರದ ಹತ್ತಿರ. ಅಂದಿನ ಜ್ವರದ ಪೆಟ್ಟು ಇಂದು ಕಾಣುತ್ತದೆ. ಇವತ್ತು ಸರಿಪಡಿಸಿದ್ದೂ ಅಷ್ಟೇ ನಿಧಾನ, ವಾರಕ್ಕೇ ಫಲ ಕಾಣಲಿಲ್ಲ ಅಂತ ಟಗರನ್ನು ಮಾರಿಬಿಡಬೇಡಿ.

ಮೈ ಇಳಿದಿದ್ದರೂ ನೋಡಿ. ಮೇವು ಸಾಲದಿದ್ದರೆ ಮೆದುಳು ಜಿಎನ್‌ಆರ್‌ಎಚ್ ಅನ್ನೇ ತಗ್ಗಿಸುತ್ತದೆ. ಆಗ ಬೇಕಿರುವುದು ಒಳ್ಳೆಯ ಮೇವು, ಸೂಜಿಯಲ್ಲ.

ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಸಮನಾಗಿ, ಗಟ್ಟಿಯಾಗಿ, ಚೀಲದೊಳಗೆ ಸರಾಗವಾಗಿ ಜಾರಬೇಕು. ಮೆತ್ತಗಿದ್ದರೆ ವೀರ್ಯಾಣು ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಕೆಳತುದಿಯಲ್ಲಿ ಗಂಟು, ಊತ ಸಿಕ್ಕರೆ ಅದು ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕೂ ಆಗಿರಬಹುದು. ಅಂಥ ಟಗರನ್ನು ಅವತ್ತೇ ಬೇರೆ ಕಟ್ಟಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ. ಏನೂ ಕಾಣದಿದ್ದರೂ ವೀರ್ಯವನ್ನು ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಬೆದೆಗೆ ಬಂದ ಕುರಿಗಳಿಗೆ ಅಲ್ಲಿಯವರೆಗೆ ಬೇರೆ ಟಗರು ಬಿಡಿ. ವರದಿ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.