ಯೇಸುವಿನ ಹಾಡನ್ನು ರ‍್ಯಾಪ್‌ನಲ್ಲಿ ಹಾಡಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 19 ವರ್ಷ, ಮೈಸೂರಲ್ಲಿ ಓದುತ್ತಿದ್ದಾನೆ. ಚಿಕ್ಕವನಿದ್ದಾಗಿಂದ ಕ್ವಾಯರ್‌ನಲ್ಲಿ ಹಾಡಿದವನು, ಈಗ ಯೇಸುವಿನ ಮೇಲೆ ರ‍್ಯಾಪ್ ಕಟ್ಟುತ್ತಾನೆ. ಸಭೆಯ ಹಿರಿಯರು ‘ಇದು ಬೀದಿ ಹಾಡು, ಆರಾಧನೆಯಲ್ಲಿ ಬೇಡ’ ಅಂದರು. ಮೂರು ವಾರದಿಂದ ಚರ್ಚಿಗೇ ಬಂದಿಲ್ಲ. ತಡೆಯಲಾ, ಬಿಡಲಾ?
– ಒಬ್ಬ ತಾಯಿ, ಮಂಡ್ಯ

ಉತ್ತರ: ತಡೆಯಬೇಡಿ ಅಮ್ಮಾ.

ಬೀದಿ ಹಾಡು ಅನ್ನೋದು ನಿಜ. ತಾಳಕ್ಕೆ ಮಾತು ಹೇಳುವ ಈ ರ‍್ಯಾಪ್ ಸೇರಿದ ಹಿಪ್‌ಹಾಪ್ ಸಂಗೀತ ಹುಟ್ಟಿದ್ದೇ 1973ರ ಸುಮಾರಿಗೆ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಬಡ ಹುಡುಗರ ನಡುವೆ. ಅದಕ್ಕೆ ದೇವರ ಮಾತು ಸೇರಿದ್ದೂ ಇವತ್ತು ನಿನ್ನೆಯಲ್ಲ. 1985ರಲ್ಲೇ ಸ್ಟೀಫನ್ ವೈಲಿ ಬೈಬಲ್ ವಿಷಯ ಇಟ್ಟುಕೊಂಡು ರ‍್ಯಾಪ್ ಕ್ಯಾಸೆಟ್ ತಂದಿದ್ದರು. ಆಮೇಲೆ ಅಮೆರಿಕದ ರ‍್ಯಾಪರ್ ಲೆಕ್ರೇ ಬಂದರು. ಡ್ರಗ್ಸ್, ಹೊಡೆದಾಟದ ಹಾದಿಯಲ್ಲಿದ್ದು, ನಿಮ್ಮ ಮಗನ ವಯಸ್ಸಲ್ಲೇ ದೇವರ ಕಡೆ ತಿರುಗಿದವರು ಅವರು. 2013ರಲ್ಲಿ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಆಲ್ಬಮ್‌ಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಪಡೆದ ಮೊದಲ ರ‍್ಯಾಪರ್ ಆದರು. ಅವರ ಬಳಗದ ಹೆಸರಲ್ಲಿ 116 ಅಂತ ಒಂದು ಸಂಖ್ಯೆ ಇದೆ. ಅದು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 1:16, ಸುವಾರ್ತೆಯ ವಿಷಯದಲ್ಲಿ ನಾಚಿಕೊಳ್ಳುವುದಿಲ್ಲ ಅನ್ನುವ ವಾಕ್ಯ.

ನಿಮ್ಮ ಸಭೆಯಲ್ಲಿ ಒಬ್ಬೊಬ್ಬರು ಎದ್ದು ನಿಂತು, ನಾನು ಹೀಗಿದ್ದೆ, ದೇವರು ನನ್ನನ್ನು ಹೀಗೆ ಎತ್ತಿದ ಅಂತ ಸಾಕ್ಷಿ ಹೇಳ್ತಾರಲ್ವಾ? ನಿಮ್ಮ ಮಗ ಅದನ್ನೇ ತಾಳಕ್ಕೆ ಕೂರಿಸಿದ್ದಾನೆ. ಬೈಬಲಿನ ಕೀರ್ತನೆ 150 ತೆಗೆದು ಓದಿ, ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಸ್ತುತಿಸಿ ಅಂತಿದೆ. ನಮ್ಮ ಮಂಡ್ಯ, ಮೈಸೂರು ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮೇಳದಲ್ಲೂ ಅದೇ ದಮ್ಮಡಿ ಇದೆ, ಅರ್ಧ ಮಾತು ಅರ್ಧ ಹಾಡು, ಜನ ರಾತ್ರಿಯಿಡೀ ಕೂತು ಕೇಳ್ತಾರೆ. ತಾಳಕ್ಕೆ ಮಾತು ಹೇಳಿ ಭಕ್ತಿ ಪಡೋದು ಈ ಮಣ್ಣಿಗೆ ಹೊಸದಲ್ಲ.

ಹಿರಿಯರ ಮಾತಲ್ಲೂ ಹುರುಳಿದೆ. ಭಾನುವಾರದ ಆರಾಧನೆಯಲ್ಲಿ ಅಜ್ಜಿಯಿಂದ ಮಗುವಿನ ತನಕ ಎಲ್ಲರೂ ಒಟ್ಟಿಗೆ ಹಾಡಬೇಕು, ರ‍್ಯಾಪ್ ಒಬ್ಬ ಹೇಳಿ ಉಳಿದವರು ಕೇಳುವಂಥದ್ದು. ಜೊತೆಗೆ ಎತ್ತರದ ಚಾವಣಿಯ ಚರ್ಚಿನಲ್ಲಿ ದನಿ ಗುಂಯ್ ಅಂದು ಮಾತು ಮಾತಿನ ಮೇಲೆ ಬೀಳುತ್ತದೆ, ಒಂದು ಪದವೂ ಕಿವಿಗೆ ಸಿಗಲ್ಲ. ಯೂತ್ ಮೀಟಿಂಗ್, ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಅವಕಾಶ ಕೇಳಿ.

ಮಗನಿಗೂ ಎರಡು ಮಾತು. ಯೂಟ್ಯೂಬಿನಿಂದ ಬೇರೆಯವರ ಬೀಟ್ ಸುಮ್ನೆ ಎತ್ತಿಕೊಳ್ಳಬೇಡ, ಅನುಮತಿ ತಗೋ ಇಲ್ಲವೇ ತಮಟೆ ಬಡಿಯುವ ಗೆಳೆಯನನ್ನು ಕರೆದು ರೆಕಾರ್ಡ್ ಮಾಡು. ಅಮೆರಿಕದವರ ಉಚ್ಚಾರಣೆಯೂ ಬೇಡಪ್ಪಾ, ಮನೆಯಲ್ಲಿ ಅಮ್ಮನ ಜೊತೆ ಮಾತಾಡುವ ಮಂಡ್ಯದ ಕನ್ನಡದಲ್ಲೇ ಬರೆ.

ಅಮ್ಮಾ, ಅವನು ಬರೆದದ್ದನ್ನು ಒಂದು ಸಂಜೆ ಬೀಟ್ ಇಲ್ಲದೆ ಓದಿಸಿ, ಪೂರ್ತಿ ಕೇಳಿ. ಆ ಹಾಳೆಯನ್ನು ಈ ಭಾನುವಾರ ಅವನ ಕೈಲೇ ನಿಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಕೊಡಿಸಿ.